ನೀಲಿ ಮುಚ್ಚಳದೊಳಗೆ ನಾನು ಹಾಕಿದ್ದು

ಲಾರಿ ಕಂಪನಿಯ ಮೇಲೆ ಕೇಸು ಹಾಕಿದ್ದು ನನ್ನ ಹೆಸರಿನಲ್ಲಿ. ಲಾರಿ ನನ್ನ ಹೆಸರಿನಲ್ಲಿತ್ತು, ಅದಕ್ಕೆ. ಹೊಸ ಗಾಡಿ ನಾಲ್ಕು ತಿಂಗಳು ರಿಪೇರಿ ಶೆಡ್ಡಿನಲ್ಲಿ ನಿಂತು ನಮಗೆ ನಷ್ಟವಾಗಿದೆ, ಕಂಪನಿಯವರು ಪರಿಹಾರ ಕೊಡಬೇಕು ಎಂದು ವಕೀಲರು ಬರೆದಿದ್ದರು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಬರೆಯುತ್ತೇನೆ. ಓದಿಯೇ ಸಹಿ ಹಾಕಿದೆ. ಆ ಕಾಗದದಲ್ಲಿ ಒಂದು ಸುಳ್ಳಿತ್ತು. ಅದು ಸುಳ್ಳೆಂದು ವಕೀಲರಿಗೆ ಗೊತ್ತಿರಲಿಲ್ಲ, ಮಗನಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಮ್ಮದು ಕೊಟ್ಟೂರು. ಯಜಮಾನರು ಇದ್ದಾಗಿನಿಂದ ನಮ್ಮ ಮನೆ ನಡೆದಿದ್ದು ಲಾರಿಯಿಂದ. ಇಲ್ಲಿನ ಮೆಕ್ಕೆಜೋಳ ತುಂಬಿಸಿಕೊಂಡು ಕೋಳಿ ಫಾರಂಗಳಿಗೆ ಹಾಕುವುದು, ಬರುವಾಗ ಸಿಕ್ಕಿದ ಬಾಡಿಗೆ ತರುವುದು. ಯಜಮಾನರು ತೀರಿದ ಮೇಲೆ ಮಗ ನೋಡಿಕೊಂಡ. ಅವನಿಗೆ ಲೆಕ್ಕಪತ್ರ, ಬಾಡಿಗೆ ಮಾತಾಡುವುದು ಚೆನ್ನಾಗಿ ಬರುತ್ತದೆ, ಸ್ಟೇರಿಂಗು ಅಷ್ಟಕ್ಕಷ್ಟೆ. ಓಡಿಸುತ್ತಿದ್ದವನು ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ಡ್ರೈವರು. ಯಜಮಾನರೇ ಇಟ್ಟುಕೊಂಡ ಮನುಷ್ಯ. ಹನ್ನೊಂದು ವರ್ಷ ನಮ್ಮ ಅಂಗಳದಲ್ಲಿ ಉಂಡಿದ್ದಾನೆ. ಮಾತು ಕಡಿಮೆ. ಎಲೆಯಡಿಕೆ ಇಲ್ಲ, ಬೀಡಿ ಇಲ್ಲ. ಅವನಿಗಿದ್ದ ಒಂದೇ ಚಟ ಎಂದರೆ ಗಾಡಿ ಒರೆಸುವುದು.

ಹಳೆ ಲಾರಿ ಮಾರಿ ಹೊಸದು ತಂದರು. ಷೋರೂಮಿನಲ್ಲಿ ಹಾರ ಹಾಕಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ಎಲ್ಲಾ ಮಾಡಿಕೊಂಡೇ ಬಂದಿದ್ದರು. ಅದು ಗಂಡಸರ ಪೂಜೆ. ನಮ್ಮ ಮನೆಯಲ್ಲಿ ಇನ್ನೊಂದಿದೆ. ಮನೆದೇವರು ಮೈಲಾರಲಿಂಗ. ಹೊಸದೇನೇ ಮನೆಗೆ ಬರಲಿ, ಅದರ ಬಾಯಿಗೆ ಭಂಡಾರ ಹಾಕಬೇಕು. ಭಂಡಾರ ಅಂದರೆ ದೇವರ ಅರಿಶಿನದ ಪುಡಿ. ಹೊಸ ಕೊಡ ತಂದರೆ ಕೊಡದ ಬಾಯಿಗೆ, ಬೋರು ಕೊರೆಸಿದರೆ ಪೈಪಿನ ಬಾಯಿಗೆ. ಮನೆಯ ಹಿರಿ ಹೆಂಗಸೇ ಹಾಕಬೇಕು. ಹಾಕುವಾಗ ಯಾರ ಜೊತೆಗೂ ಮಾತಾಡಬಾರದು, ಹಾಕಿದೆ ಅಂತ ಯಾರಿಗೂ ಹೇಳಲೂಬಾರದು. ಅತ್ತೆ ಹಾಗೆ ಮಾಡುತ್ತಿದ್ದಳು, ನಾನೂ ಹಾಗೆಯೇ ಮಾಡಿಕೊಂಡು ಬಂದೆ. ಹಳೆ ಲಾರಿ ಬಂದಾಗ ಅದರ ರೇಡಿಯೇಟರಿನ ಬಾಯಿಗೆ ಒಂದು ಚಿಟಿಕೆ ಹಾಕಿದ್ದೆ. ಆ ಗಾಡಿ ಇಪ್ಪತ್ತು ವರ್ಷ ಓಡಿತು. ನಾನು ಹಾಕಿದ್ದರಿಂದಲೇ ಓಡಿತು ಎಂದು ಒಳಗೊಳಗೆ ಹೆಮ್ಮೆ ಇತ್ತು. ಅದನ್ನೂ ಹೇಳಿಬಿಡುತ್ತೇನೆ.

ಗಾಡಿ ಬಂದ ಮರುದಿನ ಬೆಳಿಗ್ಗೆ ಮಗ ಸ್ನಾನಕ್ಕೆ ಹೋಗಿದ್ದ, ಡ್ರೈವರ್ ಹೋಟೆಲಿಗೆ ಹೋಗಿದ್ದ. ನಾನು ಭಂಡಾರದ ಚೀಲ ಹಿಡಿದು ಹೊಸ ಲಾರಿಯ ಸುತ್ತ ತಿರುಗಿದೆ. ಹಳೆಯದಕ್ಕೆ ಮುಂದೆ ಮೂತಿ ಇತ್ತು, ಇದಕ್ಕೆ ಮೂತಿಯೇ ಇಲ್ಲ. ರೇಡಿಯೇಟರು ಎಲ್ಲಿದೆಯೋ ದೇವರಿಗೇ ಗೊತ್ತು. ಡೀಸೆಲ್ ಟ್ಯಾಂಕಿಗೆ ಬೀಗ. ಅದರ ಪಕ್ಕದಲ್ಲಿ ಚಿಕ್ಕದೊಂದು ಟ್ಯಾಂಕು, ನೀಲಿ ಮುಚ್ಚಳ. ತಿರುವಿದೆ, ಬಂತು. ಬಗ್ಗಿ ನೋಡಿದರೆ ತಿಳಿ ನೀರು. ಇದೇ ರೇಡಿಯೇಟರಿನ ನೀರು, ಈಗಿನವರು ಪಕ್ಕಕ್ಕೆ ಇಟ್ಟಿದ್ದಾರೆ ಅಂದುಕೊಂಡೆ. ದೊಡ್ಡ ಗಾಡಿ, ಚಿಟಿಕೆ ಯಾವ ಮೂಲೆಗೆ ಸಾಲುತ್ತದೆ ಎಂದು ಒಂದು ಹಿಡಿ ಹಾಕಿದೆ. ಬಾಯಿಗೆ ಜಾಲರಿ ಇತ್ತು. ಪುಡಿ ಅದರ ಮೇಲೆ ನಿಂತಿತು. ಬೆರಳಿನಿಂದ ತಿಕ್ಕಿ ತಿಕ್ಕಿ ಒಳಗೆ ಇಳಿಸಿದೆ. ಮುಚ್ಚಿ ಬಂದು ಕೈ ತೊಳೆದುಕೊಂಡು ಒಲೆಯ ಮುಂದೆ ಕೂತೆ.

ಇಪ್ಪತ್ತು ದಿನ ಓಡಿತು. ಆಮೇಲೆ ಸ್ಟೇರಿಂಗಿನ ಮುಂದೆ ಕೆಂಪು ದೀಪ ಹತ್ತಿಕೊಂಡಿತು, ಲೋಡು ಇದ್ದಾಗ ಏರು ಹತ್ತದಾಯಿತು. ಎಷ್ಟು ಒತ್ತಿದರೂ ಎತ್ತಿನ ಬಂಡಿಯ ಹಾಗೆ ಹೋಗುತ್ತದೆ ಎಂದು ಡ್ರೈವರ್ ಹೇಳಿದ. ಷೋರೂಮಿಗೆ ಬಿಟ್ಟರು. ಯಾವುದೋ ಪಂಪು ಕೆಟ್ಟಿದೆ, ಮೇಲಿಂದ ಬರಬೇಕು ಎಂದರು. ನಲವತ್ತು ದಿನ ಬರಲಿಲ್ಲ. ಬಂತು, ಹಾಕಿದರು. ಒಂಬತ್ತನೇ ದಿನಕ್ಕೆ ಹಗರಿಬೊಮ್ಮನಹಳ್ಳಿ ದಾಟುವಾಗ ಮತ್ತೆ ಅದೇ ಕತೆ, ಮೆಕ್ಕೆಜೋಳದ ಲೋಡು ರಸ್ತೆಯಲ್ಲೇ ಇನ್ನೊಂದು ಲಾರಿಗೆ ಹಾಕಬೇಕಾಯಿತು. ಮತ್ತೆ ಶೆಡ್ಡಿಗೆ ಹೋಯಿತು. ಮಗ ದಿನಾ ಫೋನು ಮಾಡುವುದು, ಅವರು ದಿನಾ ನಾಳೆ ಅನ್ನುವುದು. ಮೆಕ್ಕೆಜೋಳದ ಸುಗ್ಗಿ ಹಾಗೆಯೇ ಹೋಯಿತು. ನಮ್ಮ ಗಿರಾಕಿಗಳು ಬೇರೆ ಗಾಡಿ ನೋಡಿಕೊಂಡರು. ನಾನು ಕಂಪನಿಯವರಿಗೆ ಬೈದೆ. ಚೆನ್ನಾಗಿಯೇ ಬೈದೆ, ಓಣಿಗೆಲ್ಲಾ ಕೇಳಿಸುವ ಹಾಗೆ.

ಒಂದು ಮಧ್ಯಾಹ್ನ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಮಗ ಬಂದ. ಚಪ್ಪಲಿಯನ್ನೂ ಬಿಚ್ಚಲಿಲ್ಲ.

"ಯವ್ವಾ, ಇವತ್ತು ಸಿಕ್ತು ನೋಡು ರೋಗ. ಯೂರಿಯಾ ಟ್ಯಾಂಕಿನಾಗ ಹಳದಿ ರಾಡಿ ಐತಂತ. ಬಾಟಲ್ಯಾಗ ಹಿಡದು ತೋರಿಸಿದ್ರು."

"ಯೂರಿಯಾ ಹೊಲಕ್ಕ ಹಾಕೋದಲ್ಲೇನೋ? ಗಾಡ್ಯಾಗ ಯಾಕ?"

"ಅದಲ್ಲ ಬೇ. ಡೀಸೆಲ್ ಟ್ಯಾಂಕಿನ ಬಾಜು ನೀಲಿ ಮುಚ್ಚಳ ಐತಲ್ಲ, ಅದು. ಹೊಗಿ ಸ್ವಚ್ಛ ಮಾಡಾಕ ಅದರಾಗ ಒಂಥರಾ ನೀರು ಹಾಕ್ತಾರ. ಅದಕ್ಕ ಯೂರಿಯಾ ಅಂತಾರ. ಅದರಾಗ ಒಂದು ಕಸ ಬಿದ್ರೂ ಪಂಪು ಕಟ್ಕೊಂತೈತಿ. ಇವರು ಎರಡು ಸಲ ಬರೇ ಪಂಪು ನೋಡ್ಯಾರ, ಟ್ಯಾಂಕು ಬಿಚ್ಚೇ ಇಲ್ಲ."

ಹುಣಸೆಯ ಅಂಟು ಬೆರಳಿನಲ್ಲೇ ಇತ್ತು. ಬೀಜ ಎಲ್ಲಿ ಹಾಕಬೇಕು, ಹಣ್ಣು ಎಲ್ಲಿ ಹಾಕಬೇಕು ಗೊತ್ತಾಗಲಿಲ್ಲ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದೆ. ಆಗಲೇ ಹೇಳಬಹುದಿತ್ತು. ಮಗ ಎದುರಿಗೇ ನಿಂತಿದ್ದ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬಾರದೆಂಬ ನೇಮ ಇತ್ತಲ್ಲ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ನೆಪ. ನಾಲ್ಕು ತಿಂಗಳು ಕಂಪನಿಗೆ ಬೈದ ಬಾಯಿಂದ ನಾನೇ ಮಾಡಿದ್ದು ಅನ್ನಲು ಆಗಲಿಲ್ಲ, ಅಷ್ಟೇ.

"ಇದು ಅವನ ಕೆಲಸ" ಅಂದ ಮಗ. "ಎಲ್ಲೋ ಸಸ್ತಾ ಮಾಲು ತುಂಬ್ಸಿ ಬಂಕಿನ ಚೀಟಿ ತಂದು ಕೊಟ್ಟಾನ."

ಸಂಜೆ ಡ್ರೈವರನ್ನು ಕರೆಸಿದ. ಅವನು ಅಂಗಳದಲ್ಲಿ ನಿಂತ. ಬೇಲಿಯಾಚೆ ಲಾರಿಯವರು ನಾಲ್ಕು ಜನ ಸೇರಿದ್ದರು. ಮಗನ ದನಿ ಅಷ್ಟು ದೊಡ್ಡದಾಗಿತ್ತು.

"ಯೂರಿಯಾ ಎಲ್ಲಿ ತುಂಬ್ಸಿದ್ಯೋ?"

"ಬಂಕಿನಾಗ ಅಣ್ಣಾ. ಚೀಟಿ ಕೊಟ್ಟೀನಲ್ಲ."

"ಚೀಟಿ ಬಂಕಿಂದು. ಮಾಲು ಎಲ್ಲಿಂದು?"

"ಅದೂ ಬಂಕಿಂದ. ಬೇಕಾದ್ರ ಹೋಗಿ ಕೇಳು."

"ಹಳದಿ ರಾಡಿ ತಾನ ಹುಟ್ಟಿತೇನು ಅದರಾಗ? ಕದೀಬೇಕಂದ್ರ ಡೀಸೆಲ್ ಕದೀಬೇಕಿತ್ತಲೇ. ಗಾಡೀನ ಯಾಕ ಕೊಂದಿ?"

ಡ್ರೈವರ್ ನನ್ನ ಕಡೆ ತಿರುಗಿದ. "ಅವ್ವಾ, ನೀವರ ಹೇಳ್ರಿ."

ನಾನು ಏನೆಂದೆ? "ಗಾಡಿ ವಿಚಾರ ನನಗೇನ್ ಗೊತ್ತಪ್ಪಾ" ಎಂದೆ. ಅಷ್ಟೇ ಮಾತು. ಅವನು ಗಾಡಿಯ ಇನ್ನೊಂದು ಬೀಗದ ಕೈ ಜೇಬಿನಿಂದ ತೆಗೆದು ಕಟ್ಟೆಯ ಮೇಲೆ ಇಟ್ಟು ಹೋದ. ಬೇಲಿಯಾಚೆ ಒಬ್ಬ, "ಕಡೀಗೆ ಇವನೂ ಹಿಂಗಾದ್ನಾ" ಅಂದದ್ದು ಕೇಳಿಸಿತು. ಆ ರಾತ್ರಿ ಊಟ ಮಾಡಿದೆ, ನಿದ್ದೆಯೂ ಬಂತು. ಬರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಟ್ಯಾಂಕು ತೊಳೆದು, ಪೈಪು ಬದಲಿಸಿ, ಗಾಡಿ ಕೊನೆಗೂ ಬಂತು. ಆ ಬದಲಿಸಿದ್ದಕ್ಕೆಲ್ಲ ನಮ್ಮಿಂದಲೇ ವಸೂಲು ಮಾಡಿದರು, ವಾರಂಟಿ ಇದಕ್ಕೆ ಇಲ್ಲ ಅಂದರು. ಮಗ ಕೂಡ್ಲಿಗಿಯ ವಕೀಲರನ್ನು ಹಿಡಿದ. ಗ್ರಾಹಕರ ಕೋರ್ಟಿಗೆ ಹಾಕೋಣ ಎಂದು ವಕೀಲರು ಅರ್ಜಿ ಬರೆದು ನನಗೆ ಕೊಟ್ಟರು. ನಾನು ಓದಿದೆ. 'ಅರ್ಜಿದಾರಳಾಗಲಿ ಅವಳ ಕಡೆಯವರಾಗಲಿ ಸದರಿ ಟ್ಯಾಂಕಿಗೆ ಯಾವುದೇ ಅನ್ಯ ಪದಾರ್ಥವನ್ನು ಹಾಕಿರುವುದಿಲ್ಲ.' ಅನ್ಯ ಪದಾರ್ಥ ಎನ್ನುವಲ್ಲಿ ಬೆರಳಿಟ್ಟು ನಿಂತೆ.

"ಏನಮ್ಮಾ, ತಿಳೀಲಿಲ್ಲೇನು?" ಎಂದು ವಕೀಲರು ಕೇಳಿದರು.

"ತಿಳೀತ್ರಿ" ಎಂದು ಸಹಿ ಹಾಕಿದೆ.

ಕಂಪನಿಯ ಉತ್ತರ ಬಂದಾಗ ವಕೀಲರು ನಮ್ಮಿಬ್ಬರನ್ನೂ ಕರೆಸಿದರು. ಅದರಲ್ಲಿ ಹೀಗಿತ್ತಂತೆ: ಕಲಬೆರಕೆ ಮಾಡಿದವನು ಇವರದೇ ಡ್ರೈವರು, ಅದಕ್ಕೇ ಇವರೇ ಅವನನ್ನು ಕೆಲಸದಿಂದ ತೆಗೆದಿದ್ದಾರೆ, ಇನ್ನು ನಮ್ಮ ತಪ್ಪೇನು?

ವಕೀಲರು ಮಗನ ಮುಖ ನೋಡಿದರು. "ನೀವು ಡ್ರೈವರನ್ನ ಬಿಡಿಸಿದ್ದು ಅವರಿಗೆ ಹೆಂಗ್ ಗೊತ್ತಾತು?"

"ನಾನ ಹೇಳಿದ್ದೆರಿ ಷೋರೂಮಿನಾಗ. ಕಳ್ಳನ್ನ ಬಿಡ್ಸೀನಿ ಅಂತ."

"ಭೇಷ್. ಅವರ ವಕೀಲನ ಕೆಲಸ ನೀನ ಮಾಡಿ ಕೊಟ್ಟೀಯಲ್ಲ." ಆಮೇಲೆ ಹೇಳಿದರು, ಆ ಡ್ರೈವರೇ ಬಂದು ತಾನು ಬಂಕಿನ ಸರಿಯಾದ ಮಾಲನ್ನೇ ಹಾಕಿದ್ದೆ ಎಂದು ಪ್ರಮಾಣಪತ್ರ ಕೊಡಬೇಕು. ಇಲ್ಲದಿದ್ದರೆ ಕೇಸು ನಿಲ್ಲುವುದಿಲ್ಲ.

ಹೊರಗೆ ಬಂದು ಮಗ ನೆಲ ನೋಡುತ್ತಾ ನಿಂತ. "ನಾ ಯಾವ ಮುಖ ಹೊತ್ಕೊಂಡು ಹೋಗ್ಲಿ? ನೀ ಹೋಗು ಯವ್ವಾ. ನಿನ್ನ ಮಾತು ತೆಗೆದುಹಾಕಂಗಿಲ್ಲ ಅವ."

ನಾನು ಹೋದೆ. ಹರಪನಹಳ್ಳಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು. ಅರಸೀಕೆರೆಯಲ್ಲಿ ಇಳಿದು ಡ್ರೈವರನ ಮನೆ ಕೇಳಿದರೆ ಕಿರಾಣಿ ಅಂಗಡಿಯವನು, "ಯಾರು, ಯೂರಿಯಾ ಡ್ರೈವರೇನು?" ಅಂದ. ಕೊಟ್ಟೂರಿನ ಮಾತು ಅಲ್ಲಿಯವರೆಗೂ ಬಂದಿತ್ತು.

ಅವನ ಹೆಂಡತಿ ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಬರ್ರಿ. ಕಳ್ಳನ ಮನಿಗೆ ಬಂದೀರಿ. ಚಾ ಕುಡೀತೀರೋ, ಇಲ್ಲಾ ಅದರಾಗೂ ಏನರ ಬೆರಸ್ತೀವಿ ಅಂತ ಭಯ ಐತೋ?"

"ಕುಡೀತೀನಿ ತಾಯಿ" ಎಂದು ಹೊಸಿಲ ಹೊರಗೇ ಕೂತೆ.

ಡ್ರೈವರ್ ಹಿತ್ತಿಲಿನಿಂದ ಬಂದ. ಸಣ್ಣಗಾಗಿದ್ದ. ಯಾವ ಲಾರಿಯವರೂ ಇಟ್ಟುಕೊಳ್ಳದೆ ಊರಿನವರ ಟ್ರ್ಯಾಕ್ಟರ್ ಹೊಡೆಯುತ್ತಿದ್ದೇನೆ, ಕರೆದ ದಿನ ಕೂಲಿ ಎಂದ. ನಾನು ಬಂದ ಕೆಲಸ ಹೇಳಿದೆ. ಪ್ರಮಾಣಪತ್ರ ಬೇಕು ಎಂದೆ. ಅದನ್ನು ಮಾತ್ರ ಹೇಳಿದೆ.

"ಬರ್ಕೊಡ್ತೀನಿ" ಅಂದ. "ನಾ ಹಾಕಿದ್ದು ಸರಿ ಮಾಲೇ, ಅದನ್ನ ಬರಿಯಾಕ ನನಗೇನು? ಆದ್ರ ಅವ್ವಾ, ಒಳಗ ಹಾಕಿದೋರು ಬರ್ಕೊಡೋದು ಯಾವಾಗ?"

ಅವನೇ ತಂದುಕೊಟ್ಟ ಚಹದ ಲೋಟ ಕೈಯಲ್ಲಿತ್ತು. ನಾನು ಅವನ ಮುಖ ನೋಡಲಿಲ್ಲ.

"ಗಾಡಿ ಬಂದ ಮರುದಿನ ಒರಸುವಾಗ ನೀಲಿ ಮುಚ್ಚಳದ ಮ್ಯಾಲೆ ಭಂಡಾರ ಇತ್ತು. ಐದು ಬೆರಳಿನ ಗುರ್ತು. ಹೊರಗ ಹಚ್ಚೀರಿ ಅಂದ್ಕೊಂಡು ಒರಸಿಬಿಟ್ಟೆ. ಬಾಟಲ್ಯಾಗ ಹಳದಿ ರಾಡಿ ಅಂತ ಅಣ್ಣ ಅಂದಾಗ ಗೊತ್ತಾತು."

"ಮತ್ತ ಅವತ್ತು ಯಾಕ ಅನ್ನಲಿಲ್ಲಪ್ಪಾ?"

"ಅಂದಿದ್ರ? ಕದ್ದಿದ್ದಲ್ದ ಅವ್ವನ ಮ್ಯಾಲೆ ಹಾಕ್ತಾನ ಅಂತಿದ್ದ ಅಣ್ಣ. ಅದಕ್ಕ ನಿಮ್ಮನ್ನ ಕೇಳಿದೆ. ನೀವು ಗೊತ್ತಿಲ್ಲ ಅಂದ್ರಿ."

ಹೆಂಡತಿಯ ಮೊರ ನಿಂತಿತು. ಅವಳಿಗೂ ಅದು ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಅವಳು ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಎದ್ದು ಒಳಗೆ ಹೋದಳು, ನಾನು ಹೊರಡುವವರೆಗೆ ಹೊರಗೆ ಬರಲಿಲ್ಲ.

ನನಗೆ ಎಪ್ಪತ್ತು ದಾಟಿದೆ. ಮಗನ ವಯಸ್ಸಿನವನ ಮುಂದೆ ಕೈ ಜೋಡಿಸಿದೆ. "ತಪ್ಪಾತು. ನಾನ ಹಾಕಿದ್ದು. ವಾಪಸ್ ಬಾ, ನಾ ಮಗಗ ಹೇಳ್ತೀನಿ."

"ಕೆಲಸ ಬ್ಯಾಡವ್ವಾ. ಲಾರಿ ಸ್ಟ್ಯಾಂಡಿಗೆ ಹೋಗಿ ಹೇಳ್ರಿ. ಅಲ್ಲೇ ಎಲ್ರೂ ನನ್ನ ಕಳ್ಳ ಅನ್ನೋದು, ಅಲ್ಲೇ ಹೇಳ್ರಿ. ಅಷ್ಟ ಸಾಕು."

ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಮನೆಗೆ ಬಂದು ಮಗನನ್ನು ಕೂರಿಸಿ ಎಲ್ಲಾ ಹೇಳಿದೆ. ಅವನು ಮೊದಲು ನಕ್ಕ. ಆಮೇಲೆ ನಗು ನಿಂತಿತು.

"ಇಷ್ಟು ದಿನ ಸುಮ್ಮ ಕುಂತಿದ್ದೇನು ಯವ್ವಾ? ಅವನಿಗೆ ನಾ ಕಳ್ಳ ಅಂದೆನಲ್ಲ."

"ನೀ ಅಂದಿ. ಅನ್ನಾಕ ಬಿಟ್ಟಾಕಿ ನಾನು."

ವಕೀಲರಿಗೂ ಹೇಳಿದೆವು. ಅವರು ತಲೆಯ ಮೇಲೆ ಕೈ ಇಟ್ಟುಕೊಂಡು ಕೂತರು, ಆಮೇಲೆ ಒಂದು ಮಾತು ಹೇಳಿದರು. ಸುಳ್ಳು ಪ್ರಮಾಣ ವಾಪಸು ತೆಗೆದುಕೊಂಡು ನಿಜ ಬರೆಯೋಣ. ಕೆಡಿಸಿದ್ದು ನೀವು, ಆದರೆ ನಾಲ್ಕು ತಿಂಗಳು ಟ್ಯಾಂಕು ಬಿಚ್ಚಿ ನೋಡದೆ ನಿಲ್ಲಿಸಿಕೊಂಡದ್ದು ಅವರು. ಪರಿಹಾರ ಅದಕ್ಕಷ್ಟೇ ಕೇಳೋಣ.

ಸ್ಟ್ಯಾಂಡಿಗೆ ಹೋಗುತ್ತೇನೆ ಎಂದಾಗ ಮಗ ತಡೆದ. "ಕೋರ್ಟಿಂದು ಮುಗೀಲಿ ಯವ್ವಾ. ಈಗ ಹೇಳಿದ್ರ ನಾನು ಸ್ಟ್ಯಾಂಡಿನಾಗ ತಲಿ ಎತ್ತಂಗಿಲ್ಲ." ನಾನು ಹೂಂ ಎಂದೆ. ಈ ಬರಹದಲ್ಲಿ ನನಗೆ ಎಲ್ಲಕ್ಕಿಂತ ನಾಚಿಕೆ ಇರುವುದು ಈ ಹೂಂಗೆ. ಮೊದಲನೆಯದು ತಿಳಿಯದೆ ಮಾಡಿದ್ದು. ಅಂಗಳದಲ್ಲಿ ಅಂದದ್ದು ಹೆದರಿ ಅಂದದ್ದು. ಇದು ಎಲ್ಲಾ ತಿಳಿದು, ಹೆದರಿಕೆಯೂ ಹೋದ ಮೇಲೆ. ಕೋರ್ಟಿನ ತಾರೀಖು ಮುಂದಕ್ಕೆ ಹೋಯಿತು, ಮತ್ತೆ ಹೋಯಿತು. ಡ್ರೈವರ್ ಅರಸೀಕೆರೆಯಿಂದ ಬಂದು ಪ್ರಮಾಣಪತ್ರಕ್ಕೆ ಸಹಿ ಮಾಡಿ ಹೋದ. "ಹೇಳಿದಿರೇನವ್ವಾ?" ಎಂದು ಕೇಳಿದ. "ಇನ್ನೇನು ಹೇಳ್ತೀನಪ್ಪಾ" ಎಂದೆ. ಅವನು ಬಸ್ಸಿನ ಖರ್ಚನ್ನೂ ಮುಟ್ಟಲಿಲ್ಲ.

ಕೋರ್ಟಿನಲ್ಲಿ ಕಂಪನಿಯ ವಕೀಲನಿಗೆ ಹಬ್ಬ. "ಸ್ವಾಮಿ, ಇವರ ದೇವರು ಮಾಡಿದ್ದಕ್ಕೆ ನಾವು ಪರಿಹಾರ ಕೊಡಬೇಕಂತೆ" ಅಂದ. ಎಲ್ಲರೂ ನಕ್ಕರು. ನಡುವಿನ ಕುರ್ಚಿಯಲ್ಲಿದ್ದ ಮೇಡಂ ನಗಲಿಲ್ಲ. ನನ್ನನ್ನು ಕೇಳಿದರು, "ಏನಜ್ಜಿ, ನೀವೇ ಹಾಕಿದ್ದಾ?"

"ನಾನ ಹಾಕಿದ್ದು ತಾಯಿ. ಜಾಲರಿ ಇತ್ತು, ಬೆರಳಲ್ಲಿ ತಿಕ್ಕಿ ಇಳಿಸಿದೆ. ಡ್ರೈವರಂದು ಏನೂ ಇಲ್ಲ."

ಅವರು ಅದನ್ನು ಬರೆದುಕೊಂಡು ಆ ವಕೀಲನ ಕಡೆ ತಿರುಗಿದರು. "ಮೊದಲ ಸಲವೇ ಟ್ಯಾಂಕು ಬಿಚ್ಚಿದ್ದರೆ ಎಷ್ಟು ದಿನದ ಕೆಲಸ?" ಅವನು ಕಾಗದ ತಿರುವಿದ, ಇನ್ನೂ ತಿರುವಿದ. ಎರಡು ದಿನದ್ದು ಎಂದು ಕೊನೆಗೆ ಹೇಳಿದ. ಆರ್ಡರು ಹಾಗೆಯೇ ಬಂತು. ಕೆಟ್ಟ ಸಾಮಾನಿನ ಖರ್ಚು ನಮ್ಮದು, ಸುಮ್ಮನೆ ನಿಲ್ಲಿಸಿದ ದಿನಗಳಿಗೆ ಪರಿಹಾರ ಅವರದು. ವಕೀಲರು ಖುಷಿಯಾದರು. ಮಗ ನನ್ನ ಕಾಲು ಮುಟ್ಟಿದ. ನಾನು ಕಾಲು ಎಳೆದುಕೊಂಡೆ.

ಮರುದಿನ ಬೆಳಿಗ್ಗೆ ಲಾರಿ ಸ್ಟ್ಯಾಂಡಿಗೆ ಹೋದೆ. ಹೋಟೆಲಿನ ಮುಂದಿನ ಬೆಂಚಿನ ಮೇಲೆ ಡ್ರೈವರುಗಳು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಆ ದಿನ ಬೇಲಿಯಾಚೆ ನಿಂತಿದ್ದವರಲ್ಲಿ ಇಬ್ಬರು ಇದ್ದರು. ನಿಂತುಕೊಂಡೇ ಹೇಳಿದೆ. ನಮ್ಮ ಗಾಡಿ ಕೆಡಿಸಿದವಳು ನಾನು, ಭಂಡಾರ ಹಾಕಿದೆ, ನನ್ನ ತಪ್ಪಿಗೆ ನಮ್ಮ ಡ್ರೈವರ್ ಕಳ್ಳನಾದ, ಅವನು ಒಂದು ಹನಿ ಕದ್ದವನಲ್ಲ.

ನಗು ಶುರುವಾಯಿತು.

"ಅಮ್ಮಾ, ನಮ್ಮ ಗಾಡಿಗೂ ಒಂದು ಹಿಡಿ ಹಾಕ್ರಿ. ನಾಲ್ಕು ತಿಂಗಳು ರಜಾ ಸಿಗ್ತೈತಿ."

"ಹಾಕಿಸ್ಕೊಂಡ್ರ ಮ್ಯಾಲೆ ಪರಿಹಾರನೂ ಬರ್ತೈತಲೇ!"

ನಗಲಿ ಎಂದು ನಿಂತೆ. ನನಗೆ ನಗುವುದು ನ್ಯಾಯವೇ. ನಗು ಮುಗಿದ ಮೇಲೆ ಆ ಇಬ್ಬರಲ್ಲಿ ಒಬ್ಬ ಕೈ ಒರೆಸಿಕೊಳ್ಳುತ್ತಾ ಅಂದ, "ಅದಿರ್ಲಿ ಬಿಡಮ್ಮಾ. ಯೂರಿಯಾ ಕದ್ದಿರಲಿಕ್ಕಿಲ್ಲ. ಡೀಸೆಲ್ ಅಂತೂ ಹೊಡ್ದಿರ್ತಾನ. ಸುಮ್ಮ ಸುಮ್ಮನ ಹೆಸರು ಬರ್ತೈತೇನು?"

ಉಳಿದವರು ತಲೆ ಆಡಿಸಿದರು. ಕೆಟ್ಟವರಲ್ಲ ಅವರು. ಇಷ್ಟು ದಿನ ಹಾಗೆಯೇ ಹೇಳಿಕೊಂಡು ಬಂದಿದ್ದರು, ಆ ಮಾತು ಅವರ ಬಾಯಲ್ಲಿ ಒಣಗಿ ಗಟ್ಟಿಯಾಗಿತ್ತು. ಅರಸೀಕೆರೆಯಿಂದ ಬಂದ ಮರುದಿನವೇ ಹೇಳಿದ್ದರೆ ಹಸಿ ಇರುತ್ತಿತ್ತೋ ಏನೋ.

"ಡೀಸೆಲ್ ಹೊಡ್ದಿದ್ದು ನೀ ನೋಡೀಯೇನು?" ಎಂದು ಕೇಳಿದೆ.

"ನೋಡಿಲ್ಲಮ್ಮಾ."

"ಮತ್ತ?"

ಅವನು ಹೋಟೆಲಿನವನಿಗೆ ಇನ್ನೊಂದು ಚಹಾ ಹೇಳಿದ. ನಾನು ಬೆಂಚಿನ ತುದಿಯಲ್ಲಿ ಕೂತೆ. ಹೊಸದಾಗಿ ಲೋಡು ಇಳಿಸಿ ಹೂವಿನ ಹಡಗಲಿ ಕಡೆಯ ಇಬ್ಬರು ಬಂದರು. ಅವರಿಗೆ ಮೊದಲಿಂದ ಹೇಳಿದೆ. ಅವರೂ ನಕ್ಕರು. ಮುಂದಿನ ಸಂತೆಯ ದಿನ ಮತ್ತೆ ಹೋದೆ, ಅದರ ಮುಂದಿನ ವಾರವೂ ಹೋದೆ. ನಿನಗೆ ತಲೆ ಕೆಟ್ಟಿದೆ ಅಂತ ಜನ ಅನ್ನುತ್ತಿದ್ದಾರೆ ಎಂದು ಮಗ ಹೇಳುತ್ತಾನೆ. ಅನ್ನಲಿ. ಅರಸೀಕೆರೆಯವನು ಇನ್ನೂ ಟ್ರ್ಯಾಕ್ಟರ್ ಹೊಡೆಯುತ್ತಿದ್ದಾನೆ.